ನಿಂಗತ್ತೆಯ ಮಂಡಿಗೆ ಬಿಸಿ ಪಾಕ

ಕುದಿಯುವ ಕಬ್ಬಿನ ಪಾಕವನ್ನು ಮನುಷ್ಯರ ಮಂಡಿಗೆ ಹಾಕುವುದನ್ನು ನೀವು ನೋಡಿದ್ದೀರಾ? ನಾನು ಈಚೆಗೆ ಮಂಡ್ಯದ ಪಕ್ಕದ ಹೊಳಲಿನಲ್ಲಿ ನೋಡಿದೆ. ನಿಧಾನವಾಗಿ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ಸೋದರತ್ತೆ ನಿಂಗಮ್ಮನಿಗೆ ಈ ಮಾಗಿ ಚಳಿಯಲ್ಲಿ ಬೆಳಗಾದರೆ ಮಂಡಿ ಹಿಡಿದುಕೊಳ್ಳುತ್ತದೆ. ಬಿಸಿಲೇರುವವರೆಗೆ ಬಗ್ಗುವುದಿಲ್ಲ. ಡೇರಿಯವರು ಬಿಸಿಲಿಗೆ ಕಾಯುವುದಿಲ್ಲ. ಆಕೆಯ ಹಸುವೋ, ಬೇರೆಯವರು ಮುಟ್ಟಿದರೆ ಒದೆಯುತ್ತದೆ. (ಸ್ಟೂಲ್ ಹಾಕಿಕೊಂಡು ಕೂತರೂ ಒದೆಯುತ್ತದೆ. ಅದಕ್ಕೆ ಅತ್ತೆಯೇ ಬೇಕು, ಕುಕ್ಕರಗಾಲಲ್ಲೇ ಕೂರಬೇಕು.) ಸಂಕ್ರಾಂತಿಯೊಳಗೆ ಮಂಡಿ ಸರಿಹೋಗದಿದ್ದರೆ ಹಸು ಮಾರುವುದೇ ಸೈ ಎಂದು ಮಗ ಹೇಳಿಬಿಟ್ಟಿದ್ದ.

ಹಾಗಾಗಿ ಅತ್ತೆ ಕಾಲು ಕಾಯಿಸಿಕೊಳ್ಳಲು ಆಲೆಮನೆಗೆ ಹೊರಟಳು. ಜೊತೆಗೆ ನಾನು. ನಮ್ಮ ಕಡೆ ಚಳಿಗಾಲದಲ್ಲಿ ಬೆಲ್ಲ ಬೇಯುವ ಒಲೆಯ ಸುತ್ತ ವೈದ್ಯರ ಸಮ್ಮೇಳನವೇ ಇರುತ್ತದೆ. ಫೀಸಿಲ್ಲ, ಟೋಕನ್ ಇಲ್ಲ, ಅನುಮಾನವಂತೂ ಇಲ್ಲವೇ ಇಲ್ಲ. ಒಬ್ಬರು ಶೀತ ಎಂದರು. ಇನ್ನೊಬ್ಬರು ವಾಯು ಎಂದರು. ಮತ್ತೊಬ್ಬರು ಮೊಬೈಲಿನಲ್ಲಿ ವಿಡಿಯೊ ತೋರಿಸಿದರು. ಅದು ಸೊಂಟದ್ದು.

ಕೊನೆಗೆ ಪಾಕ ನೋಡಿಕೊಳ್ಳುವ ಜವರಣ್ಣ ಸುಣ್ಣ-ಬೆಲ್ಲದ ಪಟ್ಟು ಹಾಕೋಣ ಎಂದ. ಉಳುಕಿಗೆ ನಾವೆಲ್ಲ ಹಾಕಿಸಿಕೊಂಡದ್ದೇ. ಆದರೆ ಮನೆಯಲ್ಲಿ ಅದು ತಣ್ಣನೆಯ ಬೆಲ್ಲ. ಇಲ್ಲಿ ಕೊಪ್ಪರಿಗೆ ಕೊತಕೊತ ಕುದಿಯುತ್ತಿತ್ತು.

ಚಿಪ್ಪಿನಲ್ಲಿ ಪಾಕ ತೆಗೆದ. ಸುಣ್ಣ ಕಲಸಿದ. ಬಟ್ಟೆಗೆ ಬಳಿದ. ಸ್ವಲ್ಪ ಆರಲಿ ಎಂದೆ.

"ಆರ್ಬುಟ್ರೆ ಅದು ಬರೀ ಬೆಲ್ಲ ಕಣ್ಲಾ. ಚಳಿ ಬುಡ್ಸದು ಬಿಸಿನೇಯ."

"ಆಕ್ಲಿ ಬುಡ್ಲಾ," ಎಂದು ಅತ್ತೆ ಸೀರೆ ಸರಿಸಿದಳು. "ನನ್ ಅಸ ಉಳುದ್ರೆ ಸಾಕು."

ಬಟ್ಟೆ ಮಂಡಿಯ ಮೇಲೆ ಬಿತ್ತು. ಅತ್ತೆ ನನ್ನ ತೋಳು ಹಿಡಿದಳು, ಅಷ್ಟೆ. ಬಿಸಿನೀರು ಹರಿದುಹೋಗುತ್ತದೆ, ಪಾಕ ಅಂಟಿಕೊಳ್ಳುತ್ತದೆ. ಆ ಬಟ್ಟೆಯ ಜೊತೆ ಏನು ಕಿತ್ತು ಬಂತು ಎಂದು ಬರೆಯುವುದಿಲ್ಲ. ನೀವು ಕಾಫಿ ಕುಡಿಯುತ್ತಿರಬಹುದು.

ಮಂಡ್ಯದ ಡಾಕ್ಟರು ಡ್ರೆಸಿಂಗ್ ಮಾಡಿದರು. ಚಳಿಗೆ ಕೀಲು ಬಿಗಿಯುವುದು ಈ ವಯಸ್ಸಿನಲ್ಲಿ ಸಾಮಾನ್ಯ, ಮಂಡಿಗೆ ಬೆಚ್ಚಗೆ ಬಟ್ಟೆ ಸುತ್ತಿಕೊಂಡು, ಏಳುವ ಮುಂಚೆ ಹಾಸಿಗೆಯಲ್ಲೇ ಕಾಲಾಡಿಸಿದ್ದರೆ ಎಷ್ಟೋ ಸಡಿಲವಾಗುತ್ತಿತ್ತು ಎಂದರು. ಇಷ್ಟು ಸಪ್ಪೆ ಔಷಧಿಗೆ ಆಲೆಮನೆಯಲ್ಲಿ ಮರ್ಯಾದೆ ಉಂಟೆ?

ಜವರಣ್ಣ ನೋಡಲು ಬಂದ. ಮಂಡಿ ನೋವು ಹೇಗಿದೆ ಎಂದು ವಿಚಾರಿಸಿದ. ಉರಿಯಲ್ಲಿ ನೋವೇ ಗೊತ್ತಾಗುತ್ತಿಲ್ಲ ಎಂದಳು ಅತ್ತೆ. ಹಾಗಾದರೆ ಪಟ್ಟು ಕೆಲಸ ಮಾಡಿದೆ ಎಂದು ಸಮಾಧಾನದಿಂದ ಎದ್ದು ಹೋದ.

ಸಂಕ್ರಾಂತಿಗೂ ಕಾಯದೆ ಮಗ ಹಸುವನ್ನು ಮಳವಳ್ಳಿ ಕಡೆಯವರಿಗೆ ಕೊಟ್ಟುಬಿಟ್ಟ. ಕಟ್ಟಿ ಎಳೆದರೂ ಅದು ಲಗೇಜ್ ಆಟೋ ಹತ್ತಲಿಲ್ಲವಂತೆ. ಅತ್ತೆ ಮನೆಯೊಳಗಿನಿಂದಲೇ ಕೂಗಿ ಹತ್ತಿಸಿದಳಂತೆ.

ನಿನ್ನೆ ಹೋಗಿದ್ದೆ. ಗಾಯ ಮಾಯುತ್ತಿದೆ. ಡಾಕ್ಟರು ಹೇಳಿದಂತೆ ದಿನಾ ಮಂಡಿ ಬಗ್ಗಿಸದಿದ್ದರೆ ಹಾಗೇ ಬಿಗಿದುಕೊಳ್ಳುತ್ತದೆ ಎಂದು ನೆನಪಿಸಿದೆ. ಅತ್ತೆ ಕೊಟ್ಟಿಗೆಯ ಕಡೆ ನೋಡುತ್ತ ಕೇಳಿದಳು:

"ಬಗ್ಗುಸ್ಬುಟ್ಟು ಇನ್ಯಾರ ಅಸ ಕರೀಲಿ, ಏಳ್ಲಾ?"