ಹಿಮ ಬಿದ್ದಾಗ ಬಂದೂಕು

ಬಂದೂಕಿನ ಕಾಯ್ದೆ ದೇಶಕ್ಕೆಲ್ಲ ಒಂದೇ ಇರಬೇಕೆಂದು ಎಲ್ಲ ರಾಜ್ಯಗಳ ದೊಡ್ಡವರು ಸಭೆ ಸೇರಿದರಂತೆ. ಲೈಸನ್ಸಿನ ಅರ್ಜಿಯಲ್ಲಿ ತಾನು ಕೇಳುವ ಪ್ರಶ್ನೆ ಬಿಟ್ಟುಕೊಡಲು ಒಂದು ರಾಜ್ಯವೂ ಒಪ್ಪಲಿಲ್ಲ. ಎಲ್ಲರ ಪ್ರಶ್ನೆಗಳನ್ನೂ ಸೇರಿಸಿ ಹೊಲಿದ ಫಾರ್ಮನ್ನು ಹುನಗುಂದದ ಕಡೆ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನ್ನ ಕೊರಳಿಗೆ ಕಟ್ಟಿದರು.

ಮೊದಲು ಬಂದವರು ಕಮತಗಿಯ ಒಬ್ಬ ಅಜ್ಜ. ಲೈಸನ್ಸ್ ನವೀಕರಿಸದಿದ್ದರೆ ಅವರ ಮುತ್ತಜ್ಜನ ಬಂದೂಕು ಸರಕಾರದ ಪಾಲು. ಅದನ್ನು ಹಳೆಯ ಇಳಕಲ್ ಸೀರೆಯಲ್ಲಿ ಕೂಸಿನಂತೆ ಸುತ್ತಿ ತಂದಿದ್ದರು.

“ಅಜ್ಜಾರ, ಹಿಮ ಬಿದ್ದಾಗ ಬಂದೂಕು ಎಲ್ಲಿ ಇಡ್ತೀರಿ?”

“ನಮ್ಮೂರಾಗ ಮಳಿ ಬಿದ್ರ ಭಾಳ ಆತು. ಹಿಮಾ ಎಲ್ಲಿಂದ ತರ್ಲಿ?”

ಯಾವುದೋ ಹಿಮದ ರಾಜ್ಯ ಸೇರಿಸಿದ ಪ್ರಶ್ನೆ; ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದೆ ಹೋಗದು. ‘ದೇವರ ಮನೆ’ ಎಂದು ತುಂಬಿದೆ. ಮುಂದಿನದು ಬಂದೂಕಿನ ನಂಬರು. ಸೀರೆ ಬಿಚ್ಚಿದರೆ ನಂಬರಿನ ಮೇಲೆ ಬೆರಳು ದಪ್ಪ ಕುಂಕುಮ.

“ವರ್ಷಾ ನವಮಿಗೆ ಆಯುಧಕ್ಕ ಖಂಡೇ ಪೂಜಿ ಮಾಡಿ ಹಚ್ತೀವ್ರಿ. ಒರಸಬಾರದ್ರಿ.”

“ಕಡೀಕ ಯಾವಾಗ ಹಾರಿಸಿದ್ರಿ?”

“ನಾ ಹುಟ್ಟಿದ ಮ್ಯಾಲ ಇಲ್ರಿ. ಹಂದಿ ಓಡಸಾಕ ತಗಡು ಬಡೀತೀವಿ. ಇದು ಪೂಜಿಗಷ್ಟ.”

ಉದ್ದೇಶದ ಪಟ್ಟಿಯಲ್ಲಿ ಆತ್ಮರಕ್ಷಣೆ, ಬೆಳೆ ರಕ್ಷಣೆ, ಕ್ರೀಡೆ ಇದ್ದವು, ಪೂಜೆ ಇರಲಿಲ್ಲ. ಬೆಳೆ ರಕ್ಷಣೆ ಎಂದು ಒತ್ತಿ, ಹಳೆಯ ಲೈಸನ್ಸಿನಲ್ಲಿದ್ದ ನಂಬರನ್ನೇ ಹೊಡೆದು ಕಳಿಸಲು ಹೋದೆ. ಪರದೆ ನಿಂತೇ ಬಿಟ್ಟಿತು. ಒಂದು ತಾಸು ಕಾದರೂ ಅಲುಗಾಡಲಿಲ್ಲ.

ಅಜ್ಜ ಕಂಪ್ಯೂಟರಿನ ಹಣೆಗೆ ನಾವು ನವಮಿಗೆ ಹಚ್ಚಿದ್ದ ಕುಂಕುಮವನ್ನೇ ನೋಡುತ್ತಿದ್ದರು.

“ಸಾಹೇಬ್ರ, ಇದನ್ನೂ ಪೂಜಿಗಷ್ಟ ಇಟ್ಟೀರೇನ್ರಿ?”

ಅಷ್ಟು ರಾಜ್ಯಗಳು ಕೂಡಿದರೂ ಈ ಒಂದು ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ.