ಕ್ಷೌರಿಕ ತೋಕುಜಿ ತೆಗೆದ ಹುಬ್ಬು

ಸಕಾತಾ ಪಟ್ಟಣದ ಬಂದರು ಬೀದಿಯಲ್ಲಿ ನನ್ನ ಚಹಾಪುಡಿ ಅಂಗಡಿಗೆ ಒತ್ತಿಕೊಂಡೇ ತೋಕುಜಿಯ ಕ್ಷೌರದಂಗಡಿ. ಅವನಷ್ಟು ಸಾಧು ಮನುಷ್ಯ ನಮ್ಮ ಬೀದಿಯಲ್ಲಿಲ್ಲ. ಕನ್ನಡಿಯ ಮೂಲೆಯಲ್ಲಿ ಜೇಡ ಬಲೆ ಕಟ್ಟಿದರೆ ಅದನ್ನು ಕಾಗದಕ್ಕೆ ಹತ್ತಿಸಿಕೊಂಡು ಹೊರಗೆ ಬಿಟ್ಟು, ಕ್ಷಮೆ ಕೇಳಿ ತಲೆಬಾಗುವ ಆಸಾಮಿ. ಅವನ ಕತ್ತಿ ಕೆನ್ನೆಯ ಮೇಲೆ ಓಡುತ್ತಿದ್ದರೆ ಗಿರಾಕಿಗಳು ಗೊರಕೆ ಹೊಡೆಯುತ್ತಿದ್ದರು.

ಇಂಥವನು ಒಂದು ಬೆಳಿಗ್ಗೆ ಕೊಲೆಗಾರನಾದ.

ಕಾಯುವ ಗಿರಾಕಿಗಳಿಗೆಂದು ಅವನ ಅಂಗಡಿಯಲ್ಲಿ ಮಾಂಗಾ ವಾರಪತ್ರಿಕೆಗಳು ಬಿದ್ದಿರುತ್ತವೆ. ಅವುಗಳಲ್ಲೊಂದರಲ್ಲಿ ಚಿಜುರು ಕೊಲೆ ಪಾತಕದ ಚಿತ್ರಕಥೆ ಬರೆಯುತ್ತಾಳೆ. ನಮ್ಮ ಬೀದಿಯ ಹುಡುಗಿ, ಈಗ ಟೋಕಿಯೊದಲ್ಲಿ ಹೆಸರು ಮಾಡಿದ್ದಾಳೆ. ಚಿಕ್ಕಂದಿನಲ್ಲಿ ಅವಳ ಹಣೆಗೂದಲು ಕತ್ತರಿಸಿದವನು ತೋಕುಜಿಯೇ. ಆ ವಾರ ಅವಳ ಕಥೆಗೆ ಹೊಸ ಪಾತ್ರ ಬಂದಿತ್ತು: ಒಬ್ಬ ಕ್ಷೌರಿಕ. ಕಾನೂನಿನ ಕೈಗೆ ಸಿಗದ ಪಾಪಿಗಳು ಅವನ ಕುರ್ಚಿಯಲ್ಲಿ ಕೂತು, ಬಿಸಿ ಟವೆಲಿನ ಸುಖಕ್ಕೆ ಮೈಮರೆತು, ಮಾಡಿದ್ದನ್ನೆಲ್ಲ ಬಾಯಿಬಿಡುತ್ತಾರೆ. ಎಲ್ಲವನ್ನೂ ಕೇಳಿಸಿಕೊಂಡು ಅವನು ಕತ್ತು ಸೀಳುತ್ತಾನೆ. ಆ ಮುಖವೋ, ಕಿವಿಯ ಕೆಳಗಿನ ಮಚ್ಚೆ ಸಮೇತ, ಥೇಟ್ ನಮ್ಮ ತೋಕುಜಿ!

"ಇವತ್ತು ಗಡ್ಡ ಬೇಡಪ್ಪಾ, ಬರೀ ತಲೆ. ಮನೇಲಿ ಹೆಂಡ್ತಿ ಮಕ್ಕಳಿದಾರೆ" ಎಂದು ಮೊದಲು ಶುರು ಮಾಡಿದವನು ನಾನೇ.

ತೋಕುಜಿಯ ಹೆಂಡತಿ ಸುಮಿಯೆ ಒಳಗಿಂದಲೇ ಕೂಗಿದಳು: "ಮೀನು ಹೆಚ್ಚಿಕೊಡಿ ಅಂದ್ರೆ ರಕ್ತ ನೋಡಿ ಹಿತ್ತಲಿಗೆ ಓಡ್ತಾರೆ. ಇವರು ಕೊಲೆಗಾರರಂತೆ!"

ತೋಕುಜಿ ಕೆಲವು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ಎಲ್ಲೆಲ್ಲಿಂದಲೋ ಯುವಕರು ರೈಲು ಹತ್ತಿ ಬಂದು ಅವನ ಕುರ್ಚಿಯಲ್ಲಿ ಕೂರತೊಡಗಿದರು. ಕೂತವರು ತಮಾಷೆಗೆಂದು ತಮ್ಮ ಸಣ್ಣಪುಟ್ಟ ಪಾಪಗಳನ್ನೂ ಒಪ್ಪಿಸುತ್ತಿದ್ದರು. ತೋಕುಜಿಯ ಬೆನ್ನು ನೆಟ್ಟಗಾಯಿತು. ಕೊಲೆಗಾರನ ಪರ ವಕಾಲತ್ತೂ ಶುರುವಾಯಿತು.

"ಅವನು ಸುಮ್ಸುಮ್ನೆ ಕೊಲ್ಲಲ್ಲ ಕಣೋ. ಕೆಟ್ಟವರನ್ನ ಮಾತ್ರ."

"ಕೆಟ್ಟವರು ಅಂತ ಹೇಳೋರ್ಯಾರು?"

"ಅವನೇ."

"ಅವನು ಒಳ್ಳೆಯವನು ಅಂತ ಹೇಳೋರು?"

"ನೀನು ಚಹಾ ಮಾರು ಹೋಗು!"

ಬೇಸಿಗೆಯಲ್ಲಿ ಹಿರಿಯರ ಪೂಜೆಗೆಂದು ಚಿಜುರು ಊರಿಗೆ ಬಂದಾಗ, ಆ ಕ್ಷೌರಿಕ ಒಳ್ಳೆಯವನೋ ಕೆಟ್ಟವನೋ ಎಂದು ತೋಕುಜಿ ಅವಳನ್ನೇ ಹಿಡಿದು ಕೇಳಿದ. "ಒಂದು ವಾರ ಅವನ ಮೇಲೆ ಪ್ರೀತಿ ಬರುತ್ತೆ ಮಾಮ, ಇನ್ನೊಂದು ವಾರ ಹೆದರಿಕೆ ಆಗುತ್ತೆ. ನನಗೂ ಗೊತ್ತಿಲ್ಲ" ಎಂದಳು.

"ಅದೇನಾದ್ರೂ ಇರ್ಲಿ, ನೇಣಿಗೆ ಮಾತ್ರ ಹಾಕ್ಬೇಡಮ್ಮ. ವ್ಯಾಪಾರ ಚೆನ್ನಾಗಿದೆ" ಎಂದ ತೋಕುಜಿ.

ಕೆಲ ದಿನಗಳಲ್ಲೇ ಹಾಗಾ ಎಂಬಾತ ಬಂದ. ಮೀನಿನ ಡಬ್ಬಿ ಕಾರ್ಖಾನೆಯ ಮೇಲ್ವಿಚಾರಕ, ಹಳೇ ಗಿರಾಕಿ. ನಾನು ಬೆಂಚಿನ ಮೇಲೆ ಸರದಿ ಕಾಯುತ್ತಿದ್ದೆ. ನೊರೆ ಹಚ್ಚಿದ ಮೇಲೆ ಅವನೂ ನಗುತ್ತಾ, "ನಂದೂ ಒಂದು ಪಾಪ ಇದೆ, ಕೊಲೆಗಾರರೇ" ಎಂದ. "ಆ ವರ್ಷ ಮೀನೆಲ್ಲ ಕೊಳೆತು ಹೋಯ್ತಲ್ಲ, ಶೀತದ ಕೋಣೆ ಬಾಗಿಲು ಹಾಕೋಕೆ ಮರೆತಿದ್ದು ನಾನೇ. ಒನೊದೆರಾ ಮೇಲೆ ಹಾಕ್ದೆ. ಪೆದ್ದ, ತಲೆ ತಗ್ಗಿಸ್ಕೊಂಡು ಹೋಗೇಬಿಟ್ಟ."

ಒನೊದೆರಾ ತೋಕುಜಿಯ ಬಾಲ್ಯದ ಗೆಳೆಯ. ಕೆಲಸ ಹೋದ ಅವಮಾನಕ್ಕೆ ಊರನ್ನೇ ಬಿಟ್ಟಿದ್ದ.

ಹಾಗಾನ ಗಂಟಲ ಮೇಲೆ ಕತ್ತಿ ನಿಂತುಬಿಟ್ಟಿತು. ನಾನು ಎದ್ದು ನಿಂತೆ. ಕತ್ತಿ ಮೆಲ್ಲಗೆ ಮೇಲಕ್ಕೆ ಬಂತು, ಕೆನ್ನೆ ದಾಟಿತು, ಸರ್ರನೆ ಎಡಹುಬ್ಬನ್ನು ತೆಗೆದುಹಾಕಿತು.

ಹಾಗಾ ಕನ್ನಡಿ ನೋಡಿ ಬಾಯಿ ತೆರೆದ, ಮುಚ್ಚಿದ. ದೂರು ಕೊಟ್ಟರೆ ಕಾರಣವನ್ನೂ ಹೇಳಬೇಕಲ್ಲ! ಟೋಪಿಯನ್ನು ಕಣ್ಣಿನ ತನಕ ಎಳೆದುಕೊಂಡು ಹೊರಟ.

ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಸಂಜೆಯೊಳಗೆ ಬೀದಿ ಎರಡು ಪಕ್ಷವಾಯಿತು. "ಇನ್ನೊಂದನ್ನೂ ತೆಗೀಬೇಕಿತ್ತು" ಎಂದರು ಕೆಲವರು, "ನಂಬಿ ಕತ್ತು ಕೊಟ್ಟವನಿಗೆ ಹೀಗಾ ಮಾಡೋದು?" ಎಂದರು ಉಳಿದವರು.

"ಕತ್ತು ಕೊಯ್ಯೋನಿಗೆ ಹುಬ್ಬೇ ಗತಿಯಾಯ್ತಾ?" ಎಂದು ಸುಮಿಯೆ ರೇಗಿಸಿದಳು. ತೋಕುಜಿ ನಗಲಿಲ್ಲ.

"ಕತ್ತಿ ಗಂಟಲ ಮೇಲೆ ನಿಂತಿತ್ತಲ್ಲ, ಆಗ ನಾನು ಹುಬ್ಬಿನ ಯೋಚನೆ ಮಾಡ್ತಿರ್ಲಿಲ್ಲ" ಎಂದ. ಸುಮಿಯೆ ಅವನ ಮುಂದೆ ಚಹಾ ಇಟ್ಟು ಪಕ್ಕದಲ್ಲಿ ಕೂತಳು.

ಮಾರನೆಯ ದಿನ ಅವನು ಒನೊದೆರಾಗೆ ಫೋನು ಮಾಡಿದ. ಒನೊದೆರಾ ಈಗ ಸೆಂದಾಯಿಯಲ್ಲಿ ಬಸ್ಸು ಓಡಿಸುತ್ತಾನೆ. ಸುದ್ದಿ ಕೇಳಿ ಅವನು ನಕ್ಕ ನಗು ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ಎಡದ್ದೋ ಬಲದ್ದೋ?" ಎಂದು ವಿಚಾರಿಸಿಕೊಂಡು ಮತ್ತೆ ನಕ್ಕ. ಆಮೇಲೆ ದನಿ ಇಳಿಯಿತು.

"ಆ ಕಥೆ ನಾನು ಹೆಂಡ್ತಿಗೂ ಹೇಳಿಲ್ಲ ಕಣೋ. ಈಗ ಇಲ್ಲೇ ಕೂತು, ಯಾಕೆ ನಗ್ತಿದೀರಿ ಅಂತಿದಾಳೆ. ಏನು ಹೇಳ್ಲಿ?"

"ಸಕಾತಾದ ಕ್ಷೌರಿಕ ಒಂದು ಹುಚ್ಚು ಕೆಲಸ ಮಾಡಿದಾನೆ ಅಂತ ಹೇಳು" ಎಂದ ತೋಕುಜಿ.

ಆ ವಾರವೇ ಸಿಹಿಯ ಪೆಟ್ಟಿಗೆ ಹಿಡಿದು ಹಾಗಾನ ಮನೆಗೆ ಕ್ಷಮೆ ಕೇಳಲು ಹೋದ. ಹಾಗಾ ಪೆಟ್ಟಿಗೆ ಇಸಕೊಂಡ, ಒಳಗೆ ಕರೆಯಲಿಲ್ಲ. ಒನೊದೆರಾನ ಹೆಸರನ್ನು ಇಬ್ಬರೂ ಎತ್ತಲಿಲ್ಲ. "ಹುಬ್ಬಿಗೆ ಮಾತ್ರ ಕ್ಷಮೆ ಕೇಳ್ದೆ" ಎಂದು ತೋಕುಜಿ ನನಗೆ ಬಿಡಿಸಿ ಹೇಳಿದ, ನಾನೇನೋ ಕೇಳಿದೆ ಎಂಬಂತೆ.

ಚಳಿ ಶುರುವಾಗುವ ಹೊತ್ತಿಗೆ ಹಾಗಾ ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕೂತ. "ಗಡ್ಡಾನೂ" ಎಂದ. ತೋಕುಜಿ ನೊರೆ ಹಚ್ಚಿದ. ಕತ್ತಿ ಕೆನ್ನೆಯ ಮೇಲೆ ಓಡುವಷ್ಟು ಹೊತ್ತೂ ಹಾಗಾ ಕಣ್ಣು ಮುಚ್ಚಲಿಲ್ಲ.