ಸಿಯೋನಿನ ಅರಸನಿಗೆ ಹೊನ್ನಾವರದ ಕತ್ತೆ

ಗರಿಗಳ ಭಾನುವಾರಕ್ಕೆ ಮುಂಚಿನ ಗುರುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ, ಬಸ್ತ್ಯಾಂವ್ ಶರಾವತಿ ಸೇತುವೆಯ ಮೇಲೆ ಒಂದು ಕತ್ತೆಯ ಹಿಂದೆ ಓಡುತ್ತಿದ್ದರು. ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು, ಕೈಯಲ್ಲಿ ಎತ್ತಿ ಹಿಡಿದ ಲುಂಗಿ, ವಯಸ್ಸು ಅರವತ್ತಾರು. ಕತ್ತೆ ಓಡುತ್ತಿರಲಿಲ್ಲ, ತನ್ನ ಪಾಡಿಗೆ ನಡೆಯುತ್ತಿತ್ತು. ಆದರೂ ಅವರ ಕೈಗೆ ಸಿಗುತ್ತಿರಲಿಲ್ಲ.

ಕತ್ತೆಯ ಹಗ್ಗ ಹಿಡಿದಿದ್ದವಳು ಗಂಗೆ. ಬೇಸಿಗೆಯಲ್ಲಿ ಘಟ್ಟದ ಮೇಲಿಂದ ಕರಾವಳಿಗೆ ಇಳಿದು, ಮನೆಮನೆಯ ಬಾಗಿಲಲ್ಲಿ ಎಳೆಗೂಸುಗಳಿಗೆ ಒಂದೊಂದು ಒಳಲೆ ಕತ್ತೆಹಾಲು ಹಿಂಡಿ ಕೊಟ್ಟು ಮುಂದೆ ಹೋಗುವುದು ಅವಳ ಕೆಲಸ. ತಾಯಿಕತ್ತೆಯ ಬಾಲಕ್ಕೆ ಮೂತಿ ತಾಗಿಸಿಕೊಂಡು ಬೂದು ಬಣ್ಣದ ಮರಿಯೊಂದು ಹಿಂದೆ ಬರುತ್ತಿತ್ತು.

ಬಸ್ತ್ಯಾಂವ್ ಅವಳನ್ನು ವಾರದಿಂದಲೂ ಹಿಂಬಾಲಿಸುತ್ತಿದ್ದರು, ಫೋನಿನಲ್ಲಿ. ಭಟ್ಕಳ–ಕುಮಟಾ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದವರಿಗೆ ನಿವೃತ್ತಿಯ ನಂತರವೂ ಆ ದಾರಿಯ ಡ್ರೈವರುಗಳೆಲ್ಲ ತಮ್ಮವರೇ. ಅವರಲ್ಲಿ ಕೃಷ್ಣಾನಂದ ಎಂಬುವನು ದಿನವೂ ವರದಿ ಒಪ್ಪಿಸುತ್ತಿದ್ದ.

“ಕತ್ತೆ ಹೆಬಳೆಯಲ್ಲುಂಟು.”

“ಮುರ್ಡೇಶ್ವರ ಪಾಸಾತು.”

“ಕಾಸರಕೋಡಲ್ಲಿ ನೈಟ್ ಹಾಲ್ಟು ಮಾರಾಯ್ರೆ. ನಾಳೆ ಬೆಳಿಗ್ಗೆ ಸೇತುವೆ ದಾಟ್ತದೆ. ಅಲ್ಲಿ ಹಿಡೀದಿದ್ರೆ ಹಳದೀಪುರಕ್ಕೆ ಹೋತು, ಆಮೇಲೆ ಕುಮಟಾದವ್ರ ಪಾಲು.”

ಕತ್ತೆ ಯಾಕೆ ಬೇಕಿತ್ತು ಎಂದರೆ, ಯೇಸು ಹುಟ್ಟುವುದಕ್ಕೂ ಕೆಲವು ಶತಮಾನ ಹಿಂದಕ್ಕೆ ಹೋಗಬೇಕು. ಜೆಕರ್ಯ ಪ್ರವಾದಿಯ ಹೆಸರಿನಲ್ಲಿ ಯೆಹೂದ್ಯರು ಉಳಿಸಿಕೊಂಡು ಬಂದ ಮಾತೊಂದಿದೆ. ಸಿಯೋನಿನ ಮಗಳೇ, ಅಂದರೆ ಜೆರುಸಲೇಮ್ ನಗರವೇ, ಕುಣಿದಾಡು, ನಿನ್ನ ಅರಸ ಬರುತ್ತಿದ್ದಾನೆ ಎನ್ನುತ್ತದೆ ಅದು. ಅವನು ಬರುವುದು ಯುದ್ಧದ ಕುದುರೆಯ ಮೇಲಲ್ಲ, ದೀನನಾಗಿ, ಕತ್ತೆಯ ಮೇಲೆ, ಕತ್ತೆಯ ಮರಿಯ ಮೇಲೆ. ಯೇಸು ಕತ್ತೆ ಏರಿ ಜೆರುಸಲೇಮಿಗೆ ಬಂದಾಗ ಈ ಮಾತು ನೆರವೇರಿತು ಎನ್ನುತ್ತಾರೆ ಕ್ರೈಸ್ತರು. ಆ ಅರಸ ಇನ್ನೂ ಬರಬೇಕಾಗಿದೆ ಎನ್ನುತ್ತಾರೆ ಯೆಹೂದ್ಯರು.

ಇದನ್ನು ಬಸ್ತ್ಯಾಂವ್ ಚಿಕ್ಕವರಿಗೆ ಹೇಳುವ ರೀತಿಯೇ ಬೇರೆ. ಒಮ್ಮೆ ಅಂಕಿತಾ ಎಂಬ ಒಂಬತ್ತು ವರ್ಷದ ಹುಡುಗಿ, “ಅಜ್ಜ, ಪ್ರವಾದಿ ಅಂದ್ರೆ ಎಂತ?” ಎಂದು ಕೇಳಿದಳು.

“ಬಸ್ಸಿನ ಬೋರ್ಡು. ಬಸ್ಸು ಹತ್ರ ಬರೂಕೆ ಮುಂಚೆ ಬೋರ್ಡು ಕಾಣ್ತದಲ, ಹಾಂಗೆ.”

“ಹಂಗಾದ್ರೆ ಬಸ್ಸು ಬಂತಾ?”

“ನಾವು ಬಂತು ಅಂತೇವೆ. ಯೆಹೂದ್ಯರು ಬರಲಿಲ್ಲ ಅಂತ್ರು.”

“ಮತ್ತೆ ಜಗಳ ಆತಾ?”

“ಜಗಳ ಎಂತಕ್ಕೆ? ಬೋರ್ಡು ಬರೆದೋರು ಅವ್ರ ಜನ. ನಾವಾದ್ರೂ ಯೇಸು ಇನ್ನೊಂದ್ಸಲ ಬತ್ತ ಅಂತ ಎರಡನೇ ಟ್ರಿಪ್ಪಿಗೆ ಕಾಯ್ತಾ ಕೂತದ್ದೇ ಅಲ್ವ? ಇಬ್ರಿಗೂ ಒಂದೇ ಬೆಂಚು.”

ಯೇಸು ಹಾಗೆ ಕತ್ತೆ ಏರಿ ಬಂದದ್ದನ್ನು ನೆನೆಯುವ ಗರಿಗಳ ಭಾನುವಾರದ ಮೆರವಣಿಗೆ ಇಪ್ಪತ್ತು ವರ್ಷದಿಂದ ಬಸ್ತ್ಯಾಂವ್ ಅವರ ಉಸ್ತುವಾರಿಯಲ್ಲಿತ್ತು. ಸೀಟಿ ಊದಿ ನಡೆಸುತ್ತಿದ್ದರು: ಒಂದು ಊದಿದರೆ ಎಲ್ಲರೂ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಕತ್ತೆ ಮಾತ್ರ ಪ್ಲೈವುಡ್ಡಿನದು, ಕೆಳಗೆ ನಾಲ್ಕು ಚಕ್ರ. ಹಿಂದಿನ ವರ್ಷ ಅದರ ಕುತ್ತಿಗೆ ನಡುರಸ್ತೆಯಲ್ಲಿ ಕಳಚಿ, ತಲೆ ಉರುಳಿಕೊಂಡು ಮೀನುಪೇಟೆಯ ಬುಟ್ಟಿಗಳ ನಡುವೆ ಹೋಗಿ ನಿಂತಿತು. ಮೀನು ಮಾರುವ ಕಮಲಿ ಅದನ್ನು ಎತ್ತಿ, “ಇದೆಂತಾ ಮೀನು ಬಸ್ತ್ಯಾಂವಣ್ಣ, ಕೆಜಿಗೆಷ್ಟು?” ಎಂದದ್ದು ಹೊನ್ನಾವರವಿಡೀ ಹರಡಿತು. ಚರ್ಚಿನ ಸಮಿತಿ ನಿರ್ಧರಿಸಿತು: ಮೆರವಣಿಗೆ ಇನ್ನೊಂದು ಸಲ ನಗೆಪಾಟಲಾದರೆ ಮುಂದಿನ ವರ್ಷದಿಂದ ಅಂಗಳದಲ್ಲಿ ದೊಡ್ಡ ಪರದೆ, ಅದರಲ್ಲಿ ವಿಡಿಯೋ, ಜನಕ್ಕೆ ಕುರ್ಚಿ. ಅರಸ ಬರುವುದನ್ನು ಕುರ್ಚಿಯಲ್ಲಿ ಕೂತು ನೋಡುವುದನ್ನು ಬಸ್ತ್ಯಾಂವ್ ಒಪ್ಪಲು ತಯಾರಿರಲಿಲ್ಲ. ಆದ್ದರಿಂದ ಈ ಸಲ ಜೀವಂತ ಕತ್ತೆ.

ಆ ಗುರುವಾರ ಸೇತುವೆಯ ಕೊನೆಯಲ್ಲಿ ಅಂತೂ ಗಂಗೆಯನ್ನು ತಲುಪಿ, ಅವರು ಬಾಯಿಂದ ಬ್ರಷ್ಷು ತೆಗೆದು ವಿಷಯ ಹೇಳಿದರು. ಗಂಗೆ ಪೂರ್ತಿ ಕೇಳಿಸಿಕೊಂಡು, “ಹಗೂರ ಕೂಸನ್ನ ಕೂಡ್ರಿಸಿದ್ರ ಬರ್ತೀನ್ರಿ. ಆದ್ರ ಮರೀನ ಬಿಟ್ಟು ತಾಯಿ ನಡಿಯಾಂಗಿಲ್ಲ. ಆಮ್ಯಾಲ ನನಗ ಅನಬ್ಯಾಡ್ರಿ,” ಎಂದಳು.

ಬಸ್ತ್ಯಾಂವ್ ಅವರಿಗೆ ಇದರಿಂದ ಖುಷಿಯೇ ಆಯಿತು, ಪ್ರವಾದಿಯ ಮಾತಿನಲ್ಲೂ ಕತ್ತೆ, ಮರಿ ಎರಡೂ ಇವೆಯಲ್ಲ. ಖುಷಿಯಾಗದವರು ಸುಚಿತಾ ಟೀಚರ್. ಅಂಕಿತಾಳ ತಾಯಿ, ಧರ್ಮೋಪದೇಶದ ತರಗತಿ ನಡೆಸುವವರು, ಬೈಬಲ್ ಅಧ್ಯಯನದ ಶಿಬಿರ ಮುಗಿಸಿ ಬಂದವರು. ಚರ್ಚಿನ ಅಂಗಳದಲ್ಲಿ ಎರಡು ಕತ್ತೆ ಕಂಡು ಅವರು ಸೊಂಟಕ್ಕೆ ಕೈಯಿಟ್ಟರು.

“ಮಾಮ, ಒಂದು ಸಾಕು. ಪ್ರವಾದಿ ಹೇಳಿದ್ದು ಹಾಡು. ಹೀಬ್ರೂ ಹಾಡಲ್ಲಿ ಒಂದೇ ಸಂಗತೀನ ಎರಡು ಸಲ ಹೇಳ್ತ್ರು. ಹಳದೀಪುರದ ಹೆಂಗಸ್ರು ಗದ್ದೆಯಲ್ಲಿ ‘ಬಂದಳು ತಂಗಿ, ಬಂದಳು ಮುದ್ದಿನ ತಂಗಿ’ ಅಂತ ಹಾಡ್ತ್ರಲ. ಬಂದದ್ದು ಇಬ್ರು ತಂಗೀರಾ?”

“ತಂಗಿ ಒಬ್ಳೇ ಅಕ್ಕೋರೆ. ಆದ್ರೆ ಅವ್ಳ ಸೊಂಟದ ಮೇಲೆ ಒಂದು ಮಗು ಇರ್ತದೆ. ಮೂವತ್ತು ವರ್ಷ ನಾ ನೋಡಲಿಲ್ವ? ಹಾಡಲ್ಲಿ ಬರದೇ ಇದ್ರೂ ಬಸ್ಸಿಗೆ ಬತ್ತದೆ. ಹಾಫ್ ಟಿಕೆಟ್ ಕೇಳಿದ್ರೆ ‘ಇನ್ನೂ ಸಣ್ಣೋನು’ ಅಂತ ಸೆರಗಲ್ಲಿ ಮುಚ್ತ್ರು.”

“ಯೇಸುವಿನ ಕಥೆ ಬರೆದ ಮಾರ್ಕ, ಲೂಕ ಇಬ್ರೂ ಒಂದು ಮರಿ ಅಂತ್ರು.”

“ಮತ್ತಾಯ ತಾಯಿನೂ ಮರಿನೂ ಅಂತ. ಅಂವ ಸುಂಕ ವಸೂಲಿ ಮಾಡಿ ಲೆಕ್ಕ ಬರೆಯೋ ಕೆಲಸದಂವ. ನಮ್ಮಂಥಂವ.”

ಈ ವಾದವನ್ನು ಪಂಡಿತರೂ ಶತಮಾನಗಳಿಂದ ನಡೆಸಿದ್ದಾರೆ. ಹೊನ್ನಾವರದಲ್ಲಿ ಅದು ಕಾಫಿ ಆರುವುದರೊಳಗೆ ಮುಗಿಯಿತು, ಏಕೆಂದರೆ ಅರಸನ ವೇಷಕ್ಕೆ ಸಿಕ್ಕ ಏಕೈಕ ಹಗುರ ಜೀವ ಅಂಕಿತಾ. ಅಂಕಿತಾ ಬೇಕಾದರೆ ಅವಳ ತಾಯಿಯ ಮಾತು ನಡೆಯಬೇಕು. ಮರಿಯನ್ನು ಚರ್ಚಿನ ಬಾವಿಯ ಪಕ್ಕ ಕಟ್ಟಿಹಾಕುವುದೆಂದು ತೀರ್ಮಾನವಾಯಿತು. ಗಂಗೆ ಕೈ ತಿರುಗಿಸಿ ಆಕಾಶ ನೋಡಿದಳು.

ಭಾನುವಾರ ಪೇಟೆಯ ಶಿಲುಬೆಯ ಬಳಿ ಜನ ಸೇರಿದರು. ಎಲ್ಲರ ಕೈಯಲ್ಲೂ ತೆಂಗಿನ ಎಳೆಗರಿ. ಬಿಳಿ ಜುಬ್ಬಾ ತೊಟ್ಟು, ಕಿವಿಗೆ ದಾರದಿಂದ ಕಟ್ಟಿದ ಗಡ್ಡ ಧರಿಸಿ, ಅಂಕಿತಾ ಕತ್ತೆಯ ಮೇಲೆ ಗಂಭೀರವಾಗಿ ಕೂತಳು. ಗಂಗೆ ಹಗ್ಗ ಹಿಡಿದಳು. ಫಾದರ್ ಪ್ರಾರ್ಥನೆ ಮುಗಿಸಿದರು. ಹಾಡು ಶುರುವಾಯಿತು.

ಕತ್ತೆ ಶುರುವಾಗಲಿಲ್ಲ.

ಬಸ್ತ್ಯಾಂವ್ ಬೆನ್ನು ತಟ್ಟಿದರು. ಅದು ಮುಂದಿದ್ದ ಹೆಂಗಸಿನ ಕೈಯ ಗರಿಗೆ ಬಾಯಿ ಹಾಕಿ ಅರ್ಧ ತಿಂದಿತು. ಸುಚಿತಾ ಟೀಚರ್ ಬೆಲ್ಲ ತೋರಿಸಿದರು. ಅದು ಬೆಲ್ಲ ತಿಂದು, ಉಳಿದರ್ಧ ಗರಿಯನ್ನೂ ತಿಂದಿತು. ಹಾಡು ಒಂದು ಸುತ್ತು ಮುಗಿದು ಮತ್ತೆ ಮೊದಲಿನಿಂದ ಬಂತು. ಹಿಂದಿನ ಸಾಲಿನಲ್ಲಿ ನಗು ಹುಟ್ಟಿತು. ಸಮಿತಿಯ ಒಬ್ಬರು ಇನ್ನೊಬ್ಬರ ಕಿವಿಯಲ್ಲಿ “ಪರದೆ” ಎಂದದ್ದು ಬಸ್ತ್ಯಾಂವ್ ಅವರಿಗೆ ಸ್ಪಷ್ಟವಾಗಿ ಕೇಳಿಸಿತು. ಬೇರೆ ಏನೂ ತೋಚದೆ ಜೇಬಿನಿಂದ ಸೀಟಿ ತೆಗೆದು, ಬಸ್ಸು ಹೊರಡಿಸುವಂತೆ ಎರಡು ಸಲ ಜೋರಾಗಿ ಊದಿದರು.

ಆ ಸದ್ದಿಗೆ, ರಸ್ತೆಯ ಆ ತುದಿಯಲ್ಲಿ, ಚರ್ಚಿನ ಬಾವಿಯ ಪಕ್ಕ ಕಟ್ಟಿದ್ದ ಮರಿ ಬೆದರಿ ಅರಚಿತು.

ತಾಯಿಯ ಎರಡೂ ಕಿವಿ ನೆಟ್ಟಗಾದವು. ಮರುಕ್ಷಣ ಅದು ಹೊರಟಿತು. ನಡಿಗೆಯಲ್ಲ, ಓಟ. ಅಂಕಿತಾ ಕುತ್ತಿಗೆ ತಬ್ಬಿದಳು, ಗಡ್ಡ ಹಾರಿ ಬೆನ್ನ ಮೇಲೆ ಬಂತು. ಗಂಗೆ ಹಗ್ಗ ಬಿಡದೆ ಪಕ್ಕದಲ್ಲೇ ಓಡಿದಳು. ಹಿಂದೆ ಬಸ್ತ್ಯಾಂವ್, ಅವರ ಹಿಂದೆ ಸೀರೆ ಎತ್ತಿಕೊಂಡ ಸುಚಿತಾ ಟೀಚರ್, ಆಮೇಲೆ ನಿಲುವಂಗಿ ಹಿಡಿದ ಫಾದರ್, ಅವರ ಹಿಂದೆ ಊರಿಗೆ ಊರೇ ಗರಿ ಬೀಸುತ್ತ ಓಡಿತು. ಹಾಡು ನಿಲ್ಲಲಿಲ್ಲ, ಏದುಸಿರಿಗೆ ಸಿಕ್ಕಿ ತುಂಡು ತುಂಡಾಗಿ ಬರುತ್ತಿತ್ತು. ಮೀನುಪೇಟೆಯ ಹೆಂಗಸರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

“ಬಸ್ತ್ಯಾಂವಣ್ಣ, ಈ ಸಲ ತಲೆ ಗಟ್ಟಿ ಉಂಟು!” ಎಂದು ಕಮಲಿ ಕೂಗಿದಳು.

“ಎಕ್ಸ್‌ಪ್ರೆಸ್! ಎಲ್ಲೂ ಸ್ಟಾಪಿಲ್ಲ!” ಎಂದು ಅವರು ಓಡುತ್ತಲೇ ಉತ್ತರಿಸಿದರು.

ಅಂಕಿತಾ ಬೀಳಲಿಲ್ಲ. ಅಳುತ್ತಿದ್ದಾಳೆ ಎಂದು ಸುಚಿತಾ ಟೀಚರ್ ಹೆದರಿದ್ದರು. ಹತ್ತಿರ ಹೋದಾಗ ತಿಳಿಯಿತು, ಅವಳು ಬಿಕ್ಕಿ ಬಿಕ್ಕಿ ನಗುತ್ತಿದ್ದಳು. “ಇನ್ನೊಂದ್ಸಲ, ಅಮ್ಮ! ಇನ್ನೊಂದ್ಸಲ!” ಕತ್ತೆ ಬಾವಿಯ ಪಕ್ಕ ನಿಂತಿತ್ತು. ಮರಿ ತಾಯಿಯ ಹೊಟ್ಟೆಯಡಿ ತಲೆ ತೂರಿಸಿ ಹಾಲು ಕುಡಿಯುತ್ತಿತ್ತು. ಅರಸ ಇನ್ನೂ ಮೇಲೆಯೇ ಕೂತಿದ್ದ.

ಓಡಿ ಬಂದವರೆಲ್ಲ ಒಬ್ಬೊಬ್ಬರಾಗಿ ಸುತ್ತ ನಿಂತರು. ಒಬ್ಬರನ್ನೊಬ್ಬರು ನೋಡಿದರು, ನಕ್ಕರು, ಮತ್ತೆ ನಕ್ಕರು. ಕಳೆದ ವರ್ಷ ನಕ್ಕದ್ದು ಬಸ್ತ್ಯಾಂವ್ ಅವರನ್ನು ನೋಡಿ. ಈ ಸಲ ಎಲ್ಲರೂ ಓಡಿದ್ದರು, ಹೊರಗೆ ನಿಂತು ನಗುವವರು ಯಾರೂ ಉಳಿದಿರಲಿಲ್ಲ. ಜೆರುಸಲೇಮಿಗೆ ಕುಣಿದಾಡು ಎಂದಿದ್ದ ಪ್ರವಾದಿಗೆ ಇದಕ್ಕಿಂತ ಹೆಚ್ಚೇನೂ ಬೇಕಿರಲಿಲ್ಲವೇನೋ.

“ಹಾಡಲ್ಲಿ ಒಂದೇ ಮಾಮ,” ಎಂದರು ಸುಚಿತಾ ಟೀಚರ್, ಮರಿಯ ಹಣೆ ಸವರುತ್ತ. “ಅದ್ರಲ್ಲಿ ನನ್ನ ಮಾತು ಬದಲಿಲ್ಲ.”

“ಆತು ಅಕ್ಕೋರೆ, ಹಾಡಲ್ಲಿ ಒಂದೇ. ರಸ್ತೆಗೆ ಬಂದ್ರೆ ಮಾತ್ರ ನನ್ನ ಕೇಳಿ.”

ಪರದೆಯ ಮಾತನ್ನು ಸಮಿತಿಯ ಯಾರೂ ಎತ್ತಲಿಲ್ಲ. ಫಾದರ್ ಬಾವಿಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡರು. ಹಣೆಯ ಬೆವರು ಒರೆಸಿ, “ಬಸ್ತ್ಯಾಂವ್, ಮುಂದಿನ ವರ್ಷಕ್ಕೂ ಈಗಲೇ ಹೇಳಿಟ್ಟು ಬಿಡಿ. ಗಂಗಮ್ಮ ಇಲ್ಲೇ ಇದ್ದಾರಲ್ಲ. ಎಷ್ಟು ಕತ್ತೆ ಅಂತ ಹೇಳೋಣ, ಒಂದೋ ಎರಡೋ?” ಎಂದರು.

ಸುಚಿತಾ ಟೀಚರ್ ಬಸ್ತ್ಯಾಂವ್ ಅವರ ಮುಖ ನೋಡಿದರು. ಬಸ್ತ್ಯಾಂವ್ ತಾಯಿಕತ್ತೆಯನ್ನು ನೋಡಿದರು, ಬಗ್ಗಿ ಅದರ ಹೊಟ್ಟೆಯಡಿಯಿದ್ದ ಮರಿಯನ್ನು ನೋಡಿದರು. ಅವರ ಕೈ ತಾನಾಗಿ ಎದೆಯ ಬಳಿ, ಮೂವತ್ತು ವರ್ಷ ಟಿಕೆಟ್ ಚೀಲ ತೂಗುತ್ತಿದ್ದ ಜಾಗಕ್ಕೆ ಹೋಯಿತು. ಎಲ್ಲರಿಗೂ ಕೇಳುವಂತೆ, ಬಸ್ಸಿನ ಕೊನೆಯ ಸೀಟಿಗೂ ಮುಟ್ಟುವ ಹಳೆಯ ದನಿಯಲ್ಲಿ ಹೇಳಿದರು:

“ಒಂದೂವರೆ!”